ವಂತಿಗೆ ಯಾರದು, ನಡಾವಳಿ ಯಾರದು?

ನಮ್ಮ ಊರುಗಳ ಗುಡಿಯಲ್ಲಾಗಲಿ ಮಸೀದಿಯಲ್ಲಾಗಲಿ ಒಂದು ಟ್ಯೂಬ್‌ಲೈಟ್ ನೋಡಿ. ಅದರ ಮೇಲೆ ದಾನಿಯ ಹೆಸರು, ಅವರಪ್ಪನ ಹೆಸರು, ಅಂಗಡಿಯ ಹೆಸರು ಎಲ್ಲ ಬರೆಸಿ ಬೆಳಕೇ ಹೊರಗೆ ಬಾರದ ಹಾಗೆ ಮಾಡಿರುತ್ತಾರೆ. ಕಟ್ಟಡಕ್ಕೆ ಕಲ್ಲು ಹೊತ್ತವರ ಹೆಸರು, ಸುಣ್ಣ ಬಳಿದವರ ಹೆಸರು ಎಲ್ಲೂ ಇಲ್ಲ. ಇದನ್ನು ನೋಡಿ ನಾವು ನಗುತ್ತೇವೆ. ಆದರೆ ಇತಿಹಾಸ ಅಂತ ನಾವು ಓದುವುದೂ ಬಹಳ ಸಲ ಇದೇ ಟ್ಯೂಬ್‌ಲೈಟೇ. ಕೊಟ್ಟವರ ಹೆಸರು ದಪ್ಪಕ್ಷರದಲ್ಲಿ, ದುಡಿದವರ ಪಾಲಿಗೆ ಕತ್ತಲು.

ಈ ಮಾತಿಗೆ ದೊಡ್ಡ ಸಾಕ್ಷಿಯಾಗಿ ನಿಲ್ಲುವುದು ಲಂಡನ್ನಿನ ಪೂರ್ವ ಭಾಗದ ಮುಸ್ಲಿಂ ಕೂಲಿಗಳು 1934ರಲ್ಲಿ ಕಟ್ಟಿಕೊಂಡ ಒಂದು ಸಂಘದ ಕತೆ. ಅದರ ಹೆಸರು ಜಮೀಯತುಲ್ ಮುಸ್ಲಿಮೀನ್. ಇದರ ಬಗ್ಗೆ ಬರೆಯಲು ಕಾರಣ ಎರಡು. ಒಂದು, ಬಡವರು ತಮ್ಮೊಳಗೆ ತಾವು ಮಾಡಿಕೊಳ್ಳುವ ನೆರವಿಗೂ ದೊಡ್ಡವರು ಮೇಲಿನಿಂದ ಸುರಿಯುವ ದಾನಕ್ಕೂ ಇರುವ ಭೇದ ಇಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಎರಡು, ಸಂಘ ಕಟ್ಟಿದ ಮಾತ್ರಕ್ಕೆ ಗೆದ್ದಂತಲ್ಲ ಎನ್ನುವ ಕಹಿ ಪಾಠವೂ ಇಲ್ಲೇ ಇದೆ.

ಮೊದಲು ಈ ಜನ ಯಾರು ಅಂತ ತಿಳಿಯೋಣ. ಇಂಗ್ಲಿಷರ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಉಪಖಂಡದ ನಾವಿಕರನ್ನು 'ಲಸ್ಕರ್' ಎಂದು ಕರೆಯುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದಲೂ ಇವರು ಇದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಹಬೆ ಹಡಗುಗಳು ಹೆಚ್ಚಾದ ಮೇಲೆ ಇವರ ಸಂಖ್ಯೆಯೂ ಏರಿತು. 1914ರ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳಲ್ಲಿ 50 ಸಾವಿರಕ್ಕೂ ಹೆಚ್ಚು ಲಸ್ಕರ್‌ಗಳಿದ್ದರು. ಅಂದರೆ ಸರಿಸುಮಾರು ಆರು ಜನ ನಾವಿಕರಲ್ಲಿ ಒಬ್ಬ. ಇವರ ಸಂಬಳ ಬಿಳಿಯ ನಾವಿಕನ ಸಂಬಳದ ಮೂರನೇ ಒಂದು ಪಾಲು, ಎಷ್ಟೋ ಕಡೆ ಅದಕ್ಕಿಂತಲೂ ಕಡಿಮೆ. ಸಾಮ್ರಾಜ್ಯದ ಚಹ, ಸೆಣಬು, ಹತ್ತಿ ಸಮುದ್ರ ದಾಟಿದ್ದು ಈ ಅಗ್ಗದ ಬೆವರಿನ ಮೇಲೆ.

ಹಡಗಿನೊಳಗೂ ಒಂದು ಜಾತಿ ಪದ್ಧತಿ ಇತ್ತು. ಮೇಲಿನ ಅಟ್ಟದ ಕೆಲಸಕ್ಕೆ ಒಂದು ಸೀಮೆಯವರು. ಊಟ ಬಡಿಸುವ ಸಾಹೇಬರ ಕೋಣೆಗಳಿಗೆ ಹೆಚ್ಚಾಗಿ ಗೋವಾದವರು. ಕೆಳಗೆ, ಬಾಯ್ಲರ್ ಬೆಂಕಿಯ ಮುಂದೆ ಕಲ್ಲಿದ್ದಲು ಎತ್ತಿ ಹಾಕುವ ನರಕದಲ್ಲಿ ಬಹುಪಾಲು ಸಿಲ್ಹೆಟ್ಟಿನ ಮುಸ್ಲಿಮರು, ಪಂಜಾಬಿಗಳು, ಪಠಾಣರು. ಇಂಥ ಜನಕ್ಕೆ ಬಿಸಿಲು ತಾಳುವ ಗುಣ ಹುಟ್ಟಿನಿಂದಲೇ ಬಂದಿದೆ ಅಂತ ಕಂಪನಿಯವರು ಹೇಳಿಕೊಂಡರು. ಕಸ ಗುಡಿಸುವವನು ಗುಡಿಸುವುದಕ್ಕೇ ಹುಟ್ಟಿದ್ದಾನೆ ಅಂತ ನಮ್ಮ ಊರ ಗೌಡ, ಶಾನುಭೋಗ ಹೇಳುತ್ತಿದ್ದರಲ್ಲ, ಅದೇ ಮಾತು. ಇದು ಬರೀ ಕೆಲಸದ ಹಂಚಿಕೆ ಅಲ್ಲ, ದುಡಿಯುವವರನ್ನೇ ಒಡೆದು ಮೇಲೆ ಕೆಳಗೆ ಇಡುವ ಏರ್ಪಾಡು ಅಂತ ಅಂಬೇಡ್ಕರ್ ಅವರು 1936ರಲ್ಲಿ ಜಾತಿಯ ಬಗ್ಗೆ ವಾದಿಸಿದ್ದು ಹಡಗಿಗೂ ಹೊಂದುತ್ತದೆ. ಇದರ ಮೇಲೆ ಸರಂಗ್ ಎಂಬ ಮೇಸ್ತ್ರಿ. ಕೆಲಸ ಕೊಡಿಸುವವನೂ ಅವನೇ, ಅದಕ್ಕೆ ಲಂಚ ತಿನ್ನುವವನೂ ಅವನೇ. ಅವನು ಕೂಡ ಅದೇ ಸೀಮೆಯವನು, ಅದೇ ನಮಾಜು ಮಾಡುವವನು. ಧರ್ಮ ಒಂದಾದರೆ ಶೋಷಣೆ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಹೀಗೆ ಬೆಂದು ಹೋದವರಲ್ಲಿ ಕೆಲವರು ಲಂಡನ್ ಬಂದರಿನಲ್ಲಿ ಹಡಗು ಬಿಟ್ಟು ಓಡಿದರು. ಕೆಲವರನ್ನು ಕಂಪನಿಗಳೇ ಬೀದಿಪಾಲು ಮಾಡಿದವು. ಚಳಿಯಲ್ಲಿ ಸಾಯುವ ಈ ಜನರಿಗಾಗಿ 1857ರಲ್ಲಿ ಲೈಮ್‌ಹೌಸ್‌ನಲ್ಲಿ ಒಂದು ಪರದೇಶಿಗಳ ಆಶ್ರಯ ಮನೆ ತೆರೆಯಿತು. ಅದರ ಶಂಕುಸ್ಥಾಪನೆ ಮಾಡಿದ್ದು ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್. ದಾನ ಕೊಟ್ಟವರಲ್ಲಿ ರಾಜ್ಯ ಕಳೆದುಕೊಂಡ ಮಹಾರಾಜ ದುಲೀಪ್ ಸಿಂಗನೂ ಇದ್ದ. ಅಲ್ಲಿ ಹಾಸಿಗೆ ಇತ್ತು, ಊಟ ಇತ್ತು, ಜೊತೆಗೆ ಯೇಸುವಿನ ಬೋಧನೆ ಮಾಡುವ ಪಾದ್ರಿಯೂ ಇದ್ದ. ಇವರನ್ನು ವಾಪಸು ಹಡಗಿಗೆ ಹತ್ತಿಸುವ ಕೆಲಸವೂ ಅಲ್ಲೇ ನಡೆಯುತ್ತಿತ್ತು. ಹೊಟ್ಟೆಗೆ ಕೊಟ್ಟ ಕೈಯೇ ಹಗ್ಗವನ್ನೂ ಹಿಡಿದಿತ್ತು. 1925ರಲ್ಲಂತೂ 'ಬಣ್ಣದ ಪರದೇಶಿ ನಾವಿಕ'ರೆಲ್ಲ ಪೊಲೀಸರಲ್ಲಿ ಹೆಸರು ಬರೆಸಬೇಕು ಅಂತ ಸರ್ಕಾರ ಆಜ್ಞೆ ಹೊರಡಿಸಿತು. ಬ್ರಿಟಿಷ್ ಪ್ರಜೆಗಳೇ ಆಗಿದ್ದರೂ ಕಾಗದ ತೋರಿಸಲಾರದ ಕಪ್ಪು ಜನ ಪರದೇಶಿಗಳಾಗಿಬಿಟ್ಟರು. ಕಾಗದ ಇಲ್ಲದವನಿಗೆ ನೆಲವಿಲ್ಲ ಎನ್ನುವ ನ್ಯಾಯ ಇವತ್ತಿನದೇನಲ್ಲ.

ಇನ್ನು ಅದೇ ಲಂಡನ್ನಿನ ಪಶ್ಚಿಮ ಭಾಗಕ್ಕೆ ಬರೋಣ. 1910ರಲ್ಲಿ ರಿಟ್ಜ್ ಹೋಟೆಲಿನಲ್ಲಿ ಒಂದು ಸಭೆ ನಡೆದು ಲಂಡನ್ ಮಸೀದಿ ನಿಧಿ ಶುರುವಾಯಿತು. ಆಗಾ ಖಾನ್ ಇದ್ದರು. ಪ್ರಿವಿ ಕೌನ್ಸಿಲಿನ ನ್ಯಾಯಪೀಠದಲ್ಲಿ ಕೂತ ಮೊದಲ ಭಾರತೀಯ ಸೈಯದ್ ಅಮೀರ್ ಅಲಿ ಇದ್ದರು. ಟ್ರಸ್ಟಿಗಳಲ್ಲಿ ಯಹೂದಿ ಸಾಹುಕಾರ ಲಾರ್ಡ್ ರಾಥ್ಸ್‌ಚೈಲ್ಡರೂ ಇದ್ದರು. ಮುಸ್ಲಿಮರ ಮಸೀದಿಗೆ ಯಹೂದಿಯೊಬ್ಬ ನೆರವಾದದ್ದು ಇವತ್ತಿನ ದ್ವೇಷದ ದಿನಗಳಲ್ಲಿ ನೆನೆಯತಕ್ಕ ಮಾತೇ ಸರಿ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ದೊಡ್ಡವರ ಕಣ್ಣ ಮುಂದೆ ಇದ್ದದ್ದು ಸಾಮ್ರಾಜ್ಯದ ರಾಜಧಾನಿಗೆ ಒಪ್ಪುವ ಒಂದು ಭವ್ಯ ಮಸೀದಿ. ಅದಕ್ಕೆ ಹಣ ಸಾಲದು. ಹಾಗಾಗಿ ನಿಧಿ ಬೆಳೆಯುತ್ತಾ ಕೂತಿತು, ಶುಕ್ರವಾರದ ನಮಾಜು ಬಾಡಿಗೆ ಕೋಣೆಗಳಲ್ಲಿ ನಡೆಯಿತು. ಒಂದಲ್ಲ ಎರಡಲ್ಲ, ಮೂವತ್ತು ವರ್ಷ.

ಬಂದರಿನ ಕೂಲಿಗೆ ಭವ್ಯ ಮಸೀದಿ ಬೇಕಿರಲಿಲ್ಲ. ಅವನಿಗೆ ಬೇಕಾದದ್ದು ಮನೆ ಪಕ್ಕದಲ್ಲೇ ಮೈಕೈ ತೊಳೆದು ನಿಲ್ಲಲು ಒಂದು ಜಾಗ. ಕಾಯಿಲೆ ಬಿದ್ದರೆ ನೋಡುವವರು. ಮಕ್ಕಳಿಗೆ ನಾಲ್ಕಕ್ಷರ ಕುರಾನು. ಎಲ್ಲಕ್ಕಿಂತ ಹೆಚ್ಚಾಗಿ ಸತ್ತರೆ ದಿಕ್ಕಿಲ್ಲದ ಹೆಣದ ಹಾಗೆ ಗುಂಡಿಗೆ ಹೋಗದೆ ನಾಲ್ಕು ಜನ ಹೆಗಲು ಕೊಟ್ಟು ಮಣ್ಣು ಮಾಡುವುದು. ಈ ಭಯ ಎಂಥದು ಅಂತ ನಮ್ಮ ಕೇರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬದುಕಿದ್ದಾಗ ಊರೊಳಗೆ ಜಾಗ ಇಲ್ಲದವರು ಸತ್ತ ಮೇಲೆ ಆರು ಮೂರು ನೆಲಕ್ಕಾಗಿ ತಾಲ್ಲೂಕು ಕಚೇರಿ ಮುಂದೆ ಹೆಣ ಇಟ್ಟು ಕೂತದ್ದನ್ನು ನಾವು ಕಂಡಿದ್ದೇವೆ.

ಈ ಬೇಕುಗಳಿಂದ ಹುಟ್ಟಿದ್ದು 1934ರ ಜಮೀಯತ್. ಹಡಗಿನಿಂದ ಇಳಿದವರು, ಮನೆ ಮನೆ ತಿರುಗಿ ಬಟ್ಟೆಬರೆ ಮಾರುವವರು, ಸಣ್ಣ ಅಂಗಡಿಯವರು ಸೇರಿ ಕಟ್ಟಿದ್ದು. ಓದು ಬಲ್ಲವರು ಕೆಲವರು ಅವರ ಜೊತೆ ಇದ್ದರು. ಕಮರ್ಷಿಯಲ್ ರೋಡಿನ ಕಿಂಗ್ಸ್ ಹಾಲನ್ನು ಬಾಡಿಗೆಗೆ ಹಿಡಿದು ನಮಾಜು ಮಾಡಿದರು, ಸಭೆ ಮಾಡಿದರು. ಇದನ್ನು ದಾನ ಎನ್ನಬೇಕೋ? ನಾನು ಒಪ್ಪಲಾರೆ. ದಾನದಲ್ಲಿ ಕೊಡುವ ಕೈ ಮೇಲೆ, ತೆಗೆದುಕೊಳ್ಳುವ ಕೈ ಕೆಳಗೆ. ಇಲ್ಲಿ ಇವತ್ತು ವಂತಿಗೆ ಕೊಟ್ಟವನೇ ನಾಳೆ ಕೆಲಸ ಕಳಕೊಂಡು ನೆರವು ಕೇಳುವವನು. ಕೈ ಎರಡೂ ಒಂದೇ ಮಟ್ಟದಲ್ಲಿ ಇವೆ. ನಮ್ಮ ಕಡೆ ಹೆಂಗಸರು ಮುಷ್ಟಿ ಅಕ್ಕಿ ಕೂಡಿಸುವ ಹಾಗೆ. ಅದು ದಾನವಲ್ಲ, ಸಂಘಟನೆ.

ಇದೇ ಕಾಲಕ್ಕೆ ಇದೇ ಲಂಡನ್ನಿನಲ್ಲಿ ಇನ್ನೊಂದು ನಡೆದಿತ್ತು. 1930ರಿಂದ 1932ರ ತನಕ ಅಂಬೇಡ್ಕರ್ ಮೂರೂ ದುಂಡುಮೇಜಿನ ಪರಿಷತ್ತುಗಳಿಗೆ ಬಂದು, ನಮ್ಮ ಪರವಾಗಿ ಮಾತಾಡಲು ಬೇರೆ ಯಾರಿಗೂ ಹಕ್ಕಿಲ್ಲ, ನಾವೇ ಮಾತಾಡುತ್ತೇವೆ ಎಂದು ಹಟ ಹಿಡಿದಿದ್ದರು. ಅದೇ ಮೇಜಿನಲ್ಲಿ ಮುಸ್ಲಿಮರ ಮುಂದಾಳು ಅಂತ ಕೂತವರು ಆಗಾ ಖಾನ್. ಮಸೀದಿ ನಿಧಿಯ ಆಗಾ ಖಾನರೇ. ಗಾಂಧೀಜಿ 1931ರಲ್ಲಿ ಉಳಿದದ್ದು ಪೂರ್ವ ಲಂಡನ್ನಿನ ಬಡಜನರ ನಡುವೆ, ಕಿಂಗ್ಸ್‌ಲಿ ಹಾಲಿನಲ್ಲಿ. ಬಂದರಿನ ಲಸ್ಕರ್ ಅಲ್ಲಿಂದ ದೂರ ಇರಲಿಲ್ಲ. ಆದರೆ ಅವನ ಪರವಾಗಿ 'ನಾವೇ ಮಾತಾಡುತ್ತೇವೆ' ಎನ್ನುವ ದನಿ ಮೂಡಲು ಇನ್ನೂ ಎರಡು ವರ್ಷ ಬೇಕಾಯಿತು. ಜಮೀಯತ್ತಿನ ಮಹತ್ವ ಇರುವುದು ಇಲ್ಲಿ.

ಆದರೆ ನಮ್ಮವರು ಅಂತ ಹೊಗಳಿ ಕೂರುವುದು ವಿಮರ್ಶೆಯಲ್ಲ. 1938ರಲ್ಲಿ ಜಮೀಯತ್ತಿನವರು ಎಚ್.ಜಿ. ವೆಲ್ಸ್ ಬರೆದ ಜಗತ್ತಿನ ಸಂಕ್ಷಿಪ್ತ ಇತಿಹಾಸದ ಪ್ರತಿಯನ್ನು ಸುಟ್ಟರು. ಪ್ರವಾದಿಯವರ ಬಗ್ಗೆ ಅದರಲ್ಲಿ ಅವಹೇಳನ ಇದೆ ಅಂತ ಮೆರವಣಿಗೆ ಹೋಗಿ ಭಾರತದ ಹೈಕಮಿಷನರಿಗೆ ದೂರು ಕೊಟ್ಟರು. ಪುಸ್ತಕ ಅಚ್ಚಾಗಿ 16 ವರ್ಷವಾಗಿತ್ತು.

ನಮ್ಮಲ್ಲೇ ಕೆಲವರು ಕೇಳಬಹುದು: 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟಿದ್ದನ್ನು ಕೊಂಡಾಡುವ ನೀವು ಇದನ್ನು ಹೇಗೆ ತೆಗಳುತ್ತೀರಿ? ಒಳ್ಳೆ ಪ್ರಶ್ನೆ. ಮನುಸ್ಮೃತಿ ಬರೀ ಪುಸ್ತಕ ಆಗಿರಲಿಲ್ಲ. ಕೆರೆಯ ನೀರು ಮುಟ್ಟಬೇಡ ಎನ್ನುವ ಕಾನೂನಾಗಿ ಅದು ಜನರ ಮೈಮೇಲೆ ಬೀಳುತ್ತಿತ್ತು. ಮಹಾಡದವರು ಸುಟ್ಟದ್ದು ತಮ್ಮ ಕೊರಳ ನೊಗವನ್ನು. ವೆಲ್ಸ್‌ನ ಪುಸ್ತಕ ಯಾರ ಸಂಬಳವನ್ನೂ ಕಡಿಮೆ ಮಾಡಿರಲಿಲ್ಲ, ಯಾರನ್ನೂ ಬಾಯ್ಲರ್ ಮುಂದೆ ನಿಲ್ಲಿಸಿರಲಿಲ್ಲ. ಅದಕ್ಕೆ ಉತ್ತರ ಬರೆಯಬಹುದಿತ್ತು. ಆದರೂ ಒಂದು ಮಾತು. ದಿನಾ ಬೀದಿಯಲ್ಲಿ ಅವಮಾನ ನುಂಗುವವನಿಗೆ ತನ್ನದು ಅಂತ ಉಳಿದಿರುವುದು ದೀನ್ ಒಂದೇ ಆದಾಗ, ಅದರ ಮೇಲೆ ಬಿದ್ದ ಏಟು ಎಲ್ಲ ಏಟುಗಳ ಮೊತ್ತವಾಗಿ ಕಾಣುತ್ತದೆ. ಆ ಸಿಟ್ಟು ನಿಜ. ಸಿಟ್ಟು ಹರಿದ ದಾರಿ ತಪ್ಪು. ಮರುವರ್ಷ 1939ರಲ್ಲಿ ಯುದ್ಧ ಶುರುವಾದಾಗ ಅದೇ ಬಂದರುಗಳಲ್ಲಿ ಲಸ್ಕರ್‌ಗಳು ಸಂಬಳ ಏರಿಸಿ ಅಂತ ಹಡಗು ಹತ್ತಲು ನಿರಾಕರಿಸಿದರು. ನೂರಾರು ಜನ ಜೈಲಿಗೆ ಹೋದರು. ಕೊನೆಗೆ ಸಂಬಳ ಏರಿತು. ಆ ಮುಷ್ಕರದಲ್ಲಿ ದುಡಿದವರಲ್ಲಿ ಸುರತ್ ಅಲಿ ಎಂಬ ಸಂಘಟಕನ ಹೆಸರು ನೆನಪಿಡತಕ್ಕದ್ದು. ಕಾಗದ ಸುಟ್ಟ ಬೆಂಕಿಗಿಂತ ಬಾಯ್ಲರ್ ಬೆಂಕಿ ಆರಿಸಿದ ಕೈ ದೊಡ್ಡದು ಅಂತ ನನ್ನ ನಿಲುವು.

ಯುದ್ಧ ಬಂದಾಗ ಸರ್ಕಾರಕ್ಕೆ ಮುಸ್ಲಿಮರ ಮೇಲೆ ದಿಢೀರನೆ ಪ್ರೀತಿ ಉಕ್ಕಿತು. 1940ರ ಅಕ್ಟೋಬರಿನಲ್ಲಿ ಚರ್ಚಿಲ್ ಮಂತ್ರಿಮಂಡಲ ಲಂಡನ್ನಿನಲ್ಲಿ ಮಸೀದಿಯ ಜಾಗಕ್ಕಾಗಿ 1 ಲಕ್ಷ ಪೌಂಡು ಮಂಜೂರು ಮಾಡಿತು. ಅದು ರೀಜೆಂಟ್ಸ್ ಪಾರ್ಕಿನ ಮಸೀದಿಗೆ. ಅದರ ಕಟ್ಟಡ ಮುಗಿದದ್ದು 1977ರಲ್ಲಿ. ಅತ್ತ ಪೂರ್ವದಲ್ಲಿ ಹಳೆಯ ಮಸೀದಿ ನಿಧಿಯವರು ಭವ್ಯ ಮಸೀದಿಯ ಕನಸು ಬದಿಗಿಟ್ಟು ಕಮರ್ಷಿಯಲ್ ರೋಡಿನಲ್ಲಿ ಮೂರು ಮನೆ ಕೊಂಡರು. 1941ರ ಆಗಸ್ಟ್ 1ರಂದು ಪೂರ್ವ ಲಂಡನ್ ಮಸೀದಿ ತೆರೆಯಿತು. ಮೊದಲ ನಮಾಜಿಗೆ ಈಜಿಪ್ಟಿನ ರಾಯಭಾರಿ ಬಂದರು. ದಿನದಿನದ ಉಸ್ತುವಾರಿ ಜಮೀಯತ್ತಿಗೆ ಬಂತು. ಆದರೆ ಪತ್ರ ಇದ್ದದ್ದು ಟ್ರಸ್ಟಿಗಳ ಹೆಸರಿನಲ್ಲಿ.

ಆಗ ಟ್ರಸ್ಟಿನ ಅಧ್ಯಕ್ಷರು ಸರ್ ಹಸನ್ ಸುಹ್ರವರ್ದಿ. ಹೆಸರಾಂತ ವೈದ್ಯರು, ಭಾರತ ಮಂತ್ರಿಗೆ ಸಲಹೆಗಾರರು. ಅವರಿಗೆ 'ಸರ್' ಪದವಿ ಬಂದದ್ದು ಹೇಗೆ ಅಂತ ತಿಳಿದರೆ ಮುಂದಿನದು ಅರ್ಥವಾಗುತ್ತದೆ. 1932ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಬೀನಾ ದಾಸ್ ಎಂಬ ವಿದ್ಯಾರ್ಥಿನಿ ಗವರ್ನರ್ ಜಾಕ್ಸನ್ನನ ಮೇಲೆ ಗುಂಡು ಹಾರಿಸಿದಾಗ, ಕುಲಪತಿಯಾಗಿದ್ದ ಇವರು ಆಕೆಯನ್ನು ಹಿಡಿದು ಕೆಡವಿದರು. ಇಂಥವರ ಕೈಯಲ್ಲಿ ಪತ್ರ, ಕೂಲಿಗಳ ಕೈಯಲ್ಲಿ ಪೊರಕೆ. ಮಸೀದಿ ನಡೆಸುವ ಅಧಿಕಾರ ಯಾರದು ಎಂಬ ಜಗಳ ಎರಡೇ ವರ್ಷದಲ್ಲಿ ಸಿಡಿಯಿತು. 1943ರಲ್ಲಿ ಅದು ಕೋರ್ಟಿಗೆ ಹೋಯಿತು. ಕೋರ್ಟು ಟ್ರಸ್ಟಿಗಳ ಪರ ನಿಂತಿತು. ಕೋರ್ಟು ನೋಡುವುದು ಪತ್ರವನ್ನು, ಬೆವರನ್ನಲ್ಲ.

ಇಲ್ಲಿ ಪುಸ್ತಕಗಳ ಮಾತಿಗೆ ಬರಬೇಕು. ಯಾಕಂದರೆ ಈ ಸೋಲು ಕೋರ್ಟಿನಲ್ಲಿ ಮುಗಿಯಲಿಲ್ಲ. ಟ್ರಸ್ಟಿಗಳ 1910ರಿಂದ 1951ರ ತನಕದ ನಡಾವಳಿಯನ್ನು ಹುಮಾಯೂನ್ ಅನ್ಸಾರಿ ಎಂಬ ಇತಿಹಾಸಕಾರರು ಸಂಪಾದಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಬಹಳ ಉಪಕಾರದ ಕೆಲಸ. ಅದಿಲ್ಲದಿದ್ದರೆ ಈ ಲೇಖನವೂ ಇಲ್ಲ. ಅವರ ಮುನ್ನುಡಿ ಕೂಲಿಗಳ ಕಡೆಗೂ ಕಣ್ಣು ಹಾಯಿಸುತ್ತದೆ. ಆದರೆ ನಡಾವಳಿ ಎಂದರೆ ನಡಾವಳಿಯೇ. ಅಲ್ಲಿ ಟ್ರಸ್ಟಿಗಳು ಹೆಸರು, ಪದವಿ, ಬಿರುದುಗಳ ಸಮೇತ ಕೂತಿರುತ್ತಾರೆ. ನಮಾಜು ಮಾಡುವ ಜನ ಅರ್ಜಿಯಾಗಿ, ತಕರಾರಾಗಿ, ಖರ್ಚಿನ ಬಾಬತ್ತಾಗಿ ಬರುತ್ತಾರೆ. ನಮ್ಮ ಪಂಚಾಯ್ತಿ ನಡಾವಳಿಯಲ್ಲಿ ಹೊಲೆಗೇರಿ ಬರುವ ಹಾಗೆ: 'ಸದರಿ ಕೇರಿಯವರ ದೂರನ್ನು ಪರಿಶೀಲಿಸಲಾಯಿತು.'

ಇದಕ್ಕೆ ಎದುರಾಗಿ ಇಡಬೇಕಾದ ಪುಸ್ತಕ ಕ್ಯಾರೊಲಿನ್ ಆಡಮ್ಸ್ 1987ರಲ್ಲಿ ತಂದ, ಸಿಲ್ಹೆಟ್ಟಿನ ಹಳೆಯ ನಾವಿಕರ ಬಾಯಿಮಾತಿನ ಸಂಗ್ರಹ. ಅದಕ್ಕೆ ಒಂದು ವರ್ಷ ಮೊದಲು ರೋಜಿನಾ ವಿಸ್ರಾಮ್ ಬ್ರಿಟನ್ನಿನ ಆಯಾಗಳ, ಲಸ್ಕರ್‌ಗಳ ಚರಿತ್ರೆಯನ್ನು ಬರೆದಿದ್ದರು. ಆಡಮ್ಸ್ ಸಂಗ್ರಹದಲ್ಲಿ ಮುದುಕರು ತಮ್ಮ ಬದುಕನ್ನು ತಾವೇ ಹೇಳುತ್ತಾರೆ: ಹೇಗೆ ಓಡಿದೆವು, ಯಾರ ಮನೆಯಲ್ಲಿ ಅಡಗಿದೆವು, ಮೊದಲ ಊಟ ಯಾರು ಹಾಕಿದರು. ಅಯೂಬ್ ಅಲಿ ಮಾಸ್ತರ್ ಜನರ ನೆನಪಿನಲ್ಲಿ ನಿಂತಿರುವುದು ಇಂಥ ಬಾಯಿಮಾತಿನಿಂದ. ತಾನೂ ಹಡಗು ಬಿಟ್ಟು ಬಂದವನು. ಅಕ್ಷರ ಬಲ್ಲವನಾದ್ದರಿಂದ ಮಾಸ್ತರ್. ಸ್ಯಾಂಡಿಸ್ ರೋ ಬೀದಿಯ 13ನೇ ನಂಬರಿನ ಅವನ ಮನೆಗೆ ಓಡಿ ಬಂದವರಿಗೆ ಅನ್ನ, ಮಲಗಲು ಜಾಗ. ಅರ್ಜಿ ತುಂಬಿಕೊಡುವುದು, ಊರಿಗೆ ಕಾಗದ ಬರೆಯುವುದು, ದುಡ್ಡು ಕಳಿಸುವುದು. 1943ರಲ್ಲಿ, ಕೋರ್ಟಿನಲ್ಲಿ ಜಮೀಯತ್ ಸೋತ ವರ್ಷವೇ, ಅವನೂ ಶಾ ಅಬ್ದುಲ್ ಮಜೀದ್ ಖುರೇಶಿಯೂ ಸೇರಿ ಭಾರತೀಯ ನಾವಿಕರ ಕ್ಷೇಮ ಸಂಘ ಕಟ್ಟಿದರು. ಹಳ್ಳಿಯ ಮೇಷ್ಟ್ರುಗಳೇ, ಇದು ನಿಮ್ಮ ಕುಲದ ಕತೆ. ಅಕ್ಷರ ಬಲ್ಲ ಒಬ್ಬ ಮನುಷ್ಯ ಅರ್ಜಿ ಬರೆದುಕೊಡಲು ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ಎರಡೂ ಬಗೆಯ ದಾಖಲೆಗಳಲ್ಲಿ ಮಂಕಾಗಿರುವವರು ಹೆಂಗಸರು. ಈ ನಾವಿಕರನ್ನು ಮದುವೆಯಾಗಿ ಬೀದಿಯ ಬೈಗುಳ ತಿಂದ ಬಡ ಇಂಗ್ಲಿಷ್, ಐರಿಷ್ ಹೆಂಗಸರಿದ್ದರು. ಸಾಹೇಬರ ಮಕ್ಕಳನ್ನು ಎತ್ತಿಕೊಂಡು ಸಮುದ್ರ ದಾಟಿ, ಕೆಲಸ ಮುಗಿದ ಮೇಲೆ ಕೈಬಿಟ್ಟು ಹೋದ ಆಯಾಗಳಿದ್ದರು. ಹ್ಯಾಕ್ನಿಯ ಆಯಾಗಳ ಮನೆಗೆ ನೆನಪಿನ ನೀಲಿ ಫಲಕ ಬಿದ್ದದ್ದು 2022ರಲ್ಲಿ. ಅದೂ ಮಿಷನರಿಗಳ ಆಶ್ರಯದಲ್ಲಿದ್ದ ಮನೆ. ಆಯಾಗಳ ಸಂಘ ಅದಲ್ಲ. ಪೂರ್ವ ಲಂಡನ್ ಮಸೀದಿಯಲ್ಲಿ ಹೆಂಗಸರಿಗಾಗಿ ಮರ್ಯಮ್ ಕೇಂದ್ರ ತೆರೆದದ್ದು 2013ರಲ್ಲಿ, ಮಸೀದಿ ಶುರುವಾಗಿ 72 ವರ್ಷದ ಮೇಲೆ.

ಟ್ರಸ್ಟಿಗಳ ಎದುರು ಕೂಲಿ ಎತ್ತಿದ ಪ್ರಶ್ನೆಯನ್ನು ಕೂಲಿಯ ಎದುರು ಅವನ ಹೆಂಡತಿ ಎತ್ತಬೇಕು. ಕನ್ನಡದಲ್ಲಿ ಇದನ್ನು ಎತ್ತಿದವರು ಬಂಡಾಯದ ಒಡನಾಡಿ ಬಾನು ಮುಷ್ತಾಕ್. ಅವರ 'ಕರಿ ನಾಗರಗಳು' ಕತೆಯಲ್ಲಿ ಗಂಡ ಕೈಬಿಟ್ಟ ಹೆಣ್ಣೊಬ್ಬಳು ಕಾಯಿಲೆಯ ಕೂಸನ್ನು ಹಿಡಿದು ಮಸೀದಿ ಮುಂದೆ ನ್ಯಾಯಕ್ಕೆ ಕೂರುತ್ತಾಳೆ. ಆಕೆ ಬೇಡುವುದು ಭಿಕ್ಷೆಯನ್ನಲ್ಲ, ತನ್ನ ಹಕ್ಕನ್ನು. ಜಮಾತಿನ ಹಣ, ಜಮಾತಿನ ನ್ಯಾಯ ಯಾರ ಕೈಲಿದೆ ಎನ್ನುವುದು ಅಲ್ಲಿಯ ಪ್ರಶ್ನೆ. ಇದೇ ಬಾನು ಅವರಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಹುಮಾನ ಬಂದದ್ದು ಇದೇ ಲಂಡನ್ನಿನಲ್ಲಿ.

ಮುಂದಿನ ಕತೆ ಚಿಕ್ಕದು. 1975ರಲ್ಲಿ ನಗರಾಡಳಿತ ಕಮರ್ಷಿಯಲ್ ರೋಡಿನ ಮನೆಗಳನ್ನು ವಶಪಡಿಸಿಕೊಂಡಿತು. 1978ರ ಮೇ 4ರಂದು ಅದೇ ಸೀಮೆಯಲ್ಲಿ ಅಲ್ತಾಬ್ ಅಲಿ ಎಂಬ ಬಟ್ಟೆ ಕಾರ್ಖಾನೆಯ ಎಳೆಯ ಕೂಲಿಯನ್ನು ಜನಾಂಗದ್ವೇಷಿಗಳು ಇರಿದು ಕೊಂದರು. ಹತ್ತು ದಿನದ ಮೇಲೆ ಸಾವಿರಾರು ಜನ ಶವಪೆಟ್ಟಿಗೆಯ ಹಿಂದೆ ಪ್ರಧಾನಿ ಮನೆ ತನಕ ನಡೆದರು. 1985ರಲ್ಲಿ ವೈಟ್‌ಚಾಪೆಲ್ ರೋಡಿನಲ್ಲಿ ಹೊಸ ಮಸೀದಿ ಎದ್ದಿತು. ಸುಮಾರು 20 ಲಕ್ಷ ಪೌಂಡಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಟ್ಟವರು ಸೌದಿಯ ರಾಜ ಫಹದ್. ಮತ್ತೆ ಅದೇ ಟ್ಯೂಬ್‌ಲೈಟು! ಜನರೂ ವಂತಿಗೆ ಕೊಟ್ಟರು. ಆದರೆ ರಾಜನ ಹೆಸರು ನೆನಪಿನಲ್ಲಿ ಉಳಿಯುವ ಹಾಗೆ ಅವರ ಹೆಸರು ಉಳಿಯುವುದಿಲ್ಲ.

ಹಾಗಾದರೆ ಜಮೀಯತ್ ಸೋತಿತೆ? ಪತ್ರದ ಲೆಕ್ಕದಲ್ಲಿ ಸೋತಿತು. ಆದರೆ ಮಸೀದಿ ಪಶ್ಚಿಮದ ಸಾಹೇಬರ ಬೀದಿಯಲ್ಲಿ ಅಲ್ಲ, ಪೂರ್ವದ ಕೂಲಿಗಳ ಬೀದಿಯಲ್ಲಿ ನಿಂತದ್ದು ಅವರು ಅಲ್ಲಿ ಇದ್ದುದರಿಂದ. ನಾವು ಕಲಿಯಬೇಕಾದ್ದು ಇಷ್ಟು. ಸಂಘ ಕಟ್ಟುವಾಗ ವಂತಿಗೆ ಪುಸ್ತಕದ ಜೊತೆಗೇ ನಡಾವಳಿ ಪುಸ್ತಕವನ್ನೂ ಕೊಳ್ಳಿ. ನೀವೇ ಬರೆಯಿರಿ, ನಿಮ್ಮ ಮಾತಿನಲ್ಲೇ ಬರೆಯಿರಿ. ಅಕ್ಷರ ಬಾರದವರ ಮಾತನ್ನು ಕೇಳಿ ಬರೆದುಕೊಳ್ಳಿ. ಹೆಂಗಸರ ಹೆಸರು ಬಿಡಬೇಡಿ. ಅಂಬೇಡ್ಕರ್ ಭವನವೋ, ಹಾಸ್ಟೆಲ್ಲೋ, ಮಸೀದಿಯೋ, ಜಾಗದ ಪತ್ರ ಯಾರ ಹೆಸರಿನಲ್ಲಿದೆ ಅಂತ ಇವತ್ತೇ ಹೋಗಿ ನೋಡಿ. ದಾನ ಕೊಡಲು ಬಂದ ದೊಡ್ಡವರಿಗೆ ಕುರ್ಚಿ ಕೊಡಿ, ಬೇಡ ಎನ್ನುವುದಿಲ್ಲ. ಪೆನ್ನು ಮಾತ್ರ ಕೊಡಬೇಡಿ.